ಸಹಾಯ ಬೇಕು: ದಿವಾಳಿಯಾದ ಕ್ರಿಪ್ಟೊ ವಿನಿಮಯ ಕೇಂದ್ರದ ಕ್ಲೇಮು ಅರ್ಜಿಗೆ ಸಹಿ ಹಾಕಲೇ?

ಎಲ್ಲರಿಗೂ ನಮಸ್ಕಾರ. ನಾನು ಬಿಟ್‌ಕಾಯಿನ್ ಇಟ್ಟಿದ್ದ ವಿನಿಮಯ ಕೇಂದ್ರ ದಿವಾಳಿಯೆದ್ದಿದೆ. ಖಾತೆ ತೆರೆಯುತ್ತಿಲ್ಲ, ಬರೆದ ಒಂದು ಪತ್ರಕ್ಕೂ ಉತ್ತರವಿಲ್ಲ. ಈಗ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಯಿಂದ ಕ್ಲೇಮು ಅರ್ಜಿ ಬಂದಿದೆ. ಗುರುತಿನ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ಹಳೆಯ ಇ-ಮೇಲ್‌ಗಳಲ್ಲಿದ್ದ ವಹಿವಾಟಿನ ವಿವರ ಎಲ್ಲವನ್ನೂ ಹುಡುಕಿ ಕೂಡಿಸಿಟ್ಟಿದ್ದೇನೆ.

ಸಿಕ್ಕಿಬಿದ್ದಿರುವುದು ಒಂದೇ ಕಡೆ. ಅರ್ಜಿಯಲ್ಲಿ ನನ್ನ ನಾಣ್ಯಗಳಿಗೆ ದಿವಾಳಿ ಅರ್ಜಿ ಸಲ್ಲಿಕೆಯಾದ ದಿನದ ಬೆಲೆ ಕಟ್ಟಿದ್ದಾರೆ. ಆಮೇಲೆ ದರ ಎಷ್ಟೋ ಏರಿದೆ. ದಿವಾಳಿಯಾದ ಮತ್ತೊಂದು ಕ್ರಿಪ್ಟೊ ವಿನಿಮಯ ಕೇಂದ್ರ ಎಫ್‌ಟಿಎಕ್ಸ್‌ನ ಪ್ರಕರಣದಲ್ಲೂ 2022ರ ನವೆಂಬರ್ ದರವನ್ನೇ ಹಿಡಿದರು. ಆದರೆ 2014ರಲ್ಲಿ ಮುಳುಗಿದ ಜಪಾನಿನ ಬಿಟ್‌ಕಾಯಿನ್ ವಿನಿಮಯ ಕೇಂದ್ರ ಮೌಂಟ್ ಗಾಕ್ಸ್‌ನ ಪ್ರಕರಣ 2018ರಲ್ಲಿ ದಿವಾಳಿಯಿಂದ ಪುನಶ್ಚೇತನ ಪ್ರಕ್ರಿಯೆಗೆ ಬದಲಾಯಿತು. 2024ರಲ್ಲಿ ಗ್ರಾಹಕರಿಗೆ ಒಂದಷ್ಟು ಪಾಲು ಬಿಟ್‌ಕಾಯಿನ್ ರೂಪದಲ್ಲೇ ಮರಳತೊಡಗಿತು. ಪಾಪ, ಹತ್ತು ವರ್ಷ ಕಾದರು. ಇದನ್ನು ಓದಿದ ಮೇಲೆ ಸಹಿ ಹಾಕಲು ಕೈ ಬರುತ್ತಿಲ್ಲ.

(ಮುಂಗಡ ಶುಲ್ಕ ಕೊಟ್ಟರೆ ಪೂರ್ತಿ ಹಣ ತೆಗೆಸಿಕೊಡುತ್ತೇವೆ ಎನ್ನುವವರನ್ನು ದಯವಿಟ್ಟು ಸೂಚಿಸಬೇಡಿ. ಅದು ಮತ್ತೊಂದು ಮೋಸ.)

ಈ ಬೆಲೆಗೆ ಒಪ್ಪಿಗೆ ಎಂದು ಗುರುತು ಹಾಕಿದರೆ, ಮುಂದೆ ನಾಣ್ಯವನ್ನೇ ಕೊಡಿ ಎಂದು ಕೇಳುವ ಹಕ್ಕು ಹೋಗುತ್ತದೆಯೇ? ಕೊನೆಯ ದಿನಾಂಕದೊಳಗೆ ಅರ್ಜಿ ಸಲ್ಲಿಸಿ, ಬೆಲೆಯ ಬಗ್ಗೆ ಮಾತ್ರ ಆಕ್ಷೇಪ ದಾಖಲಿಸಲು ಸಾಧ್ಯವೇ? ಇಂಥ ಅರ್ಜಿ ತುಂಬಿದ ಅನುಭವವಿರುವವರು ತಿಳಿಸಿ.