ಮನೆಯಲ್ಲೇ ಹೊಲಿದ ಕಿಲ್ಟ್: ಹಿಂದಿನ ನೆರಿಗೆ ಬಾಯಿ ಬಿಡ್ತಿದೆ, ಬಟ್ಟೆ ತಪ್ಪೋ ಹೊಲಿಗೆ ತಪ್ಪೋ?

ಗ್ಲಾಸ್ಗೋ_ಗುಂಡ:

ಎಲ್ಲರಿಗೂ ನಮಸ್ಕಾರ. ಗ್ಲಾಸ್ಗೋದಲ್ಲಿ ಓದ್ತಿದೀನಿ. ಮುಂದಿನ ತಿಂಗಳು ಲ್ಯಾಬಿನ ಗೆಳೆಯನ ಮದುವೆ, ಹುಡುಗರೆಲ್ಲ ಕಿಲ್ಟ್ (ಸ್ಕಾಟಿಷ್ ಗಂಡಸರು ಸುತ್ತಿಕೊಳ್ಳೋ ನೆರಿಗೆ ಲಂಗ) ಹಾಕ್ಕೊಂಡೇ ಬರಬೇಕು ಅಂತ ಅವನ ಹಠ. ಬಾಡಿಗೆಗೆ ಸಿಗುತ್ತೆ. ಆದ್ರೆ ಒಂದು ದಿನದ ಬಾಡಿಗೆಗಿಂತ ಕಮ್ಮಿ ದುಡ್ಡಲ್ಲಿ ಬಟ್ಟೆ ತಂದು ಹೊಲಿದ್ರೆ ಅದು ನಂದೇ ಆಗಿ ಉಳಿಯುತ್ತಲ್ಲ ಅನ್ನಿಸ್ತು. ಉಣ್ಣೆಯ ಟಾರ್ಟನ್ (ಕಿಲ್ಟಿನ ಚೌಕಳಿ ಬಟ್ಟೆ) ಕಡೆ ತಿರುಗಿ ನೋಡೋ ಹಾಗೂ ಇಲ್ಲ. ಸಾದಾ ಕಡುಹಸಿರು ಕಾಟನ್ ಡ್ರಿಲ್ (ಓರೆ ನೇಯ್ಗೆಯ ಗಟ್ಟಿ ಹತ್ತಿ ಬಟ್ಟೆ) ತಗೊಂಡೆ: 60 ಇಂಚು ಪನ್ನ (ಅಗಲ), ಎರಡೂವರೆ ಗಜ. ಉದ್ದುದ್ದಕ್ಕೆ ಎರಡು ಮಾಡಿ ಜೋಡಿಸಿದ್ರೆ ಐದು ಗಜ ಆಯ್ತು. ಲೇಬಲ್ ಮೇಲೆ (ಚದರ ಮೀಟರಿಗೆ ಗ್ರಾಂ ಲೆಕ್ಕದಲ್ಲಿ) 270 ಜಿಎಸ್‌ಎಂ ಅಂತಿದೆ.

ನನ್ನ ಅಳತೆ ವೇಸ್ಟ್ 34, ಸೀಟ್ (ಪೃಷ್ಠದ ಸುತ್ತಳತೆ) 40, ಉದ್ದ 24 ಇಂಚು. ಹಿಂದೆ 20 ನೆರಿಗೆ.

ಈಗ ತೊಂದರೆ ಕೇಳಿ. ಸುಮ್ನೆ ನಿಂತಾಗಲೇ ಹಿಂದಿನ ನೆರಿಗೆಗಳು ಬೀಸಣಿಗೆ ಥರ ಬಿಚ್ಚಿಕೊಳ್ತವೆ. ಸೀಟ್ ಹತ್ರ ಬಿಗಿ, ಸೊಂಟದಲ್ಲಿ ಮಾತ್ರ ಲೂಸು. ಬಕಲ್ ಬಿಗಿದ್ರೆ ಮುಂದಿನ ಏಪ್ರನ್ (ಮುಂದೆ ಒಂದರ ಮೇಲೊಂದು ಬರೋ ನೆರಿಗೆಯಿಲ್ಲದ ಎರಡು ಭಾಗಗಳಲ್ಲಿ ಮೇಲಿನದು) ಸೊಟ್ಟಗೆ ಒಂದು ಕಡೆ ಎಳೆಯುತ್ತೆ. ಕೂತು ಎದ್ದರೆ ಇಸ್ತ್ರಿ ಗೆರೆ ಅರ್ಧ ಮಾಯ. ಇಲ್ಲಿಯವರು 13 ಔನ್ಸ್, 16 ಔನ್ಸ್ ಬಟ್ಟೆ ಅಂತ ಮಾತಾಡ್ತಾರೆ. ನಂದು ಲೆಕ್ಕ ಹಾಕಿದ್ರೆ ಚದರ ಗಜಕ್ಕೆ ಬರೀ 8 ಔನ್ಸ್. ಬಟ್ಟೆ ತೆಳುವಾಯ್ತು ಅಂತ ನನ್ನ ಅನುಮಾನ. ಇದನ್ನ ಬಿಟ್ಟು ದಪ್ಪದ್ದು ತರಲಾ?

ಕತ್ತರಿಕಾಕಾ (ಹುಬ್ಬಳ್ಳಿ):

ತಮ್ಮಾ, ಕಿಲ್ಟ್ ನಾ ಹೊಲಿದಿಲ್ಲ. ಶಾಲಿ ಯುನಿಫಾರ್ಮಿನ ಸ್ಕರ್ಟ್ ಹೊಲಕೋತನ ವಯಸ್ಸಾತು. ನೆರಿಗಿ ಅಂದ್ರ ಎಲ್ಲಾ ಕಡೆ ನೆರಿಗೀನ. ಎರಡ ಮಾತು ಕೇಳ್ತೇನಿ. ಕತ್ತರಿ ಹಾಕೂಕ್ಕಿಂತ ಮೊದಲ ಬಟ್ಟಿ ನೀರಾಗ ಅದ್ದಿದ್ಯೋ ಇಲ್ಲೋ? ಡ್ರಿಲ್ ಮೊದಲನೇ ಒಗತಕ್ಕ ಗಿಡ್ಡ ಆಗತೈತಿ. ಇನ್ನೊಂದು, ಕೆಳಗಿನ ಅಂಚು ಎರಡ ಮಡಿಕಿ ಹಾಕಿ ಹೊಲದೀ ಏನು? ನೆರಿಗಿ ಒಳಗ ಆ ದಪ್ಪ ಕುಂತ್ರ ಕೆಳಗ ಹೊರಗ ಒದ್ದಂಗ ಕಾಣತೈತಿ.

ಗ್ಲಾಸ್ಗೋ_ಗುಂಡ:

ಕಾಕಾ, ಬಟ್ಟೆ ಒಗೆದು ಒಣಗಿಸಿಯೇ ಕತ್ತರಿಸಿದ್ದು. ಅಂಚಿನ ವಿಷಯ ನೀವು ಹೇಳಿದ ಹಾಗೇ ಇದೆ. ಒಂದು ಅರ್ಧಕ್ಕೆ ಬಟ್ಟೆಯ ಸ್ವಂತ ಕಿನಾರೆ ಕೆಳಗೆ ಬಂದಿದೆ, ಮಡಚೋದೇ ಬೇಕಾಗಿಲ್ಲ. ಇನ್ನೊಂದು ಅರ್ಧಕ್ಕೆ ಕಿನಾರೆ ಮೇಲೆ ಹೋಯ್ತು, ಅದನ್ನ ಕತ್ತರಿಸಿ ಕೆಳಗೆ ಎರಡು ಮಡಿಕೆ ಹೆಮ್ ಮಾಡಿದೆ. ಆ ಕಡೆಯ ನೆರಿಗೆಗಳು ನಿಜವಾಗ್ಲೂ ಒದೀತಿವೆ.

ಅಬರ್ಡೀನ್_ಅಕ್ಕ:

ಗುಂಡ, ಬಟ್ಟೆ ಬದಲಾಯಿಸಬೇಡಿ, ತೂಕ ಸರಿಯಾಗೇ ಇದೆ. ಕಿಲ್ಟ್ ಬಟ್ಟೆಯ 13 ಔನ್ಸ್, 16 ಔನ್ಸ್ ಅನ್ನೋದು ಚದರ ಗಜದ ಲೆಕ್ಕ ಅಲ್ಲ. ಥಾನಿನಿಂದ ಒಂದು ಗಜ ಉದ್ದ ಕತ್ತರಿಸಿದರೆ, ಇಡೀ ಪನ್ನ ಸೇರಿಸಿ ಬರೋ ತೂಕ ಅದು. 60 ಇಂಚು ಪನ್ನದ ಒಂದು ಗಜ ಅಂದ್ರೆ ಒಂದೂಮುಕ್ಕಾಲಕ್ಕೆ ಸ್ವಲ್ಪ ಕಮ್ಮಿ ಚದರ ಗಜ. ನಿಮ್ಮ 8 ಔನ್ಸನ್ನ ಅದರಿಂದ ಗುಣಿಸಿ, ಹದಿಮೂರು ಚಿಲ್ಲರೆ ಬರುತ್ತೆ. ಅಂದ್ರೆ ಇಲ್ಲಿಯವರ ಮಧ್ಯಮ ತೂಕದ ಉಣ್ಣೆಯಷ್ಟೇ ಭಾರ ನಿಮ್ಮ ಡ್ರಿಲ್. ಈ ಒಂದು ಗೊಂದಲದಿಂದ ಎಷ್ಟೋ ಜನ ಸೋಫಾ ಬಟ್ಟೆಯಂಥದ್ದು ತಂದು ಮಷೀನಿನ ಸೂಜಿ ಮುರ್ಕೊಂಡಿದ್ದಾರೆ.

ಗೆರೆ ನಿಲ್ಲದಿರೋದು ಹತ್ತಿಯ ಗುಣ, ಅದಕ್ಕೆ ಆಮೇಲೆ ಬರ್ತೀನಿ. ನೆರಿಗೆ ಬಾಯಿ ಬಿಡೋದು ಮಾತ್ರ ಅಳತೆಯ ಜಗಳ. ಟೇಪ್ ಹಿಡಿದು ನಾಲ್ಕು ಜಾಗ ಅಳೆದು ಹೇಳಿ. ಮೇಲಿಂದ ಕೆಳಗೆ ನೆರಿಗೆ ಹೊಲಿಗೆ ಎಷ್ಟು ಇಂಚಿಗೆ ನಿಂತಿದೆ? ಅದು ನಿಂತ ಕಡೆ ಒಂದೊಂದು ನೆರಿಗೆ ಎಷ್ಟು ಅಗಲ? ಸೊಂಟದಲ್ಲಿ ಇಪ್ಪತ್ತೂ ನೆರಿಗೆ ಸೇರಿ ಎಷ್ಟು? ಮುಂದಿನ ಏಪ್ರನ್ ಸೊಂಟದಲ್ಲೆಷ್ಟು, ಸೀಟಿನಲ್ಲೆಷ್ಟು?

ಗ್ಲಾಸ್ಗೋ_ಗುಂಡ:

ಅಯ್ಯೋ, ಔನ್ಸ್ ಕಥೆ ಹೀಗಾ! ಅಳೆದೆ ಅಕ್ಕ. ಹೊಲಿಗೆ ಸೊಂಟದಿಂದ 5 ಇಂಚಿಗೆ ನಿಂತಿದೆ. ಅಲ್ಲಿ ಒಂದು ನೆರಿಗೆ 15/16 ಇಂಚು ಹತ್ತಿರ. ಸೊಂಟದಲ್ಲಿ ಪ್ರತಿಯೊಂದಕ್ಕೆ 7/8 ಗುರುತು ಹಾಕಿದ್ದೆ. ಒಟ್ಟು ಹದಿನೇಳೂವರೆ ಬರಬೇಕು, ಬಂದಿರೋದು 18¼. ಏಪ್ರನ್ ನೇರ ಕತ್ತರಿಸಿದ್ದೀನಿ, ಮೇಲೂ 18, ಸೀಟಲ್ಲೂ 18, ಕೆಳಗೂ 18.

ಅಬರ್ಡೀನ್_ಅಕ್ಕ:

ಸಿಕ್ತು. ನಿಮ್ಮ ಸೀಟ್ 40. ಮುಂದೆ ಅರ್ಧ ಏಪ್ರನ್ 20, ಹಿಂದೆ ಅರ್ಧ ನೆರಿಗೆ 20 ಕೊಡಬೇಕು. ಏಪ್ರನ್ ಕೊಡ್ತಿರೋದು 18. ಹೊಲಿಗೆ ನಿಂತ ಕಡೆ ನೆರಿಗೆಗಳು ಸೇರಿ ಕೊಡ್ತಿರೋದು 19ಕ್ಕೂ ಸ್ವಲ್ಪ ಕಮ್ಮಿ. ಮೂರು ಇಂಚು ಎಲ್ಲಿಂದ ಬರಬೇಕು? ಹೊಲಿಗೆ ಇಲ್ಲದ ನೆರಿಗೆಗಳು ಬಿಚ್ಚಿಕೊಂಡೇ ಕೊಡಬೇಕು. 16 ಔನ್ಸ್ ಉಣ್ಣೆ ತಂದಿದ್ರೂ ಇದೇ ಆಗ್ತಿತ್ತು.

ಕಿಲ್ಟಿನಲ್ಲಿ ಸೊಂಟದಿಂದ ಸೀಟಿನ ಅತಿ ಅಗಲದ ಗೆರೆವರೆಗೂ ನೆರಿಗೆಗಳನ್ನ ಒಂದಕ್ಕೊಂದು ಹೊಲಿದಿರ್ತಾರೆ. ಆ ಭಾಗಕ್ಕೆ ಇಲ್ಲಿ ಫೆಲ್ ಅಂತಾರೆ. 24 ಇಂಚಿನ ಕಿಲ್ಟಿಗೆ ಅದು ಸುಮಾರು 8 ಇಂಚು, ಒಟ್ಟು ಉದ್ದದ ಮೂರನೇ ಒಂದು ಪಾಲು. ನಿಮ್ಮದು 5ಕ್ಕೇ ನಿಂತಿದೆ, ಮೈ ಇನ್ನೂ ಅಗಲವಾಗ್ತಾ ಇರುವಾಗಲೇ ಹೊಲಿಗೆ ಕೈ ಬಿಟ್ಟಿದೆ. ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಸೀಟು ಎಲ್ಲಿ ಅತಿ ಹೊರಗೆ ಬಂದಿದೆಯೋ ಅಲ್ಲಿಗೆ ಸೊಂಟದಿಂದ ಎಷ್ಟು ಅಂತ ಮೊದಲು ಅಳೆಯಿರಿ. 7½ ಬಂದ್ರೆ 7½, 8¼ ಬಂದ್ರೆ 8¼. ಜೀನ್ಸ್ ನಿಲ್ಲೋ ಜಾಗವನ್ನ ಸೊಂಟ ಅಂದ್ಕೋಬೇಡಿ. ಕಿಲ್ಟಿನ ಬಕಲ್ ನಿಲ್ಲೋದು ಅದಕ್ಕಿಂತ ಮೇಲೆ, ಹೊಕ್ಕಳ ಮಟ್ಟದಲ್ಲಿ.

ಸೊಂಟ ಲೂಸಾಗಿರೋದು ಭಿನ್ನರಾಶಿಯ ಕಾಟ. ನಿಮಗೆ ಬೇಕಿದ್ದದ್ದು ವೇಸ್ಟ್ 34ರ ಅರ್ಧ 17, ಅದನ್ನ 20ರಿಂದ ಭಾಗಿಸಿದ್ರೆ 0.85 ಇಂಚು. ಟೇಪ್ ಮೇಲೆ ಹತ್ತಿರದ ಗೆರೆ ಅಂತ 7/8 ಹಿಡಿದ್ರಿ. ಅಲ್ಲಿಗೆ ಅರ್ಧ ಇಂಚು ಹೋಯ್ತು. ಮೇಲೆ ಪ್ರತಿ ಮಡಿಕೆಯಲ್ಲೂ ಒಂದು ಕೂದಲೆಳೆ ಆಚೀಚೆ ಆದ್ರೂ ಇಪ್ಪತ್ತು ಸಲ ಕೂಡಿ ಮುಕ್ಕಾಲು ಇಂಚು. ಟೇಪ್ ತಿರುಗಿಸಿ ಸೆಂಟಿಮೀಟರ್ ಕಡೆ ಬಳಸಿ: ಸೀಟಿನ ಗೆರೆಯಲ್ಲಿ 25 ಮಿ.ಮೀ.ಗೆ ತುಸು ಹೆಚ್ಚು, ಸೊಂಟದಲ್ಲಿ 21.5. ಐದು ನೆರಿಗೆಗೊಮ್ಮೆ ನಿಲ್ಲಿಸಿ ಒಟ್ಟು ಅಳೆದು ಮುಂದೆ ಹೋಗಿ. ಇಪ್ಪತ್ತೂ ಮುಗಿದ ಮೇಲೆ ಅಳೆದ್ರೆ ಎಲ್ಲಿ ತಪ್ಪಿತು ಅಂತ ಗೊತ್ತಾಗಲ್ಲ.

ಏಪ್ರನ್ ಸೊಂಟದಲ್ಲಿ 17, ಸೀಟಿನಲ್ಲಿ 20, ಕೆಳಗೆ ಇನ್ನೂ ಒಂದೆರಡು ಇಂಚು ಅಗಲ ಇರಲಿ. ಹೊಸ ಬಟ್ಟೆ ಬೇಡ. ಎಡಗಡೆ ಏಪ್ರನ್ ಪಕ್ಕದ ಮೊದಲನೇ ನೆರಿಗೆಯ ಹೊಟ್ಟೆಯಲ್ಲಿ ಐದು ಇಂಚು ಬಟ್ಟೆ ಅಡಗಿದೆ, ಅದರಲ್ಲಿ ಎರಡು ಇಂಚು ಹೊರಗೆ ತನ್ನಿ. ಒಳಗಿನ ಏಪ್ರನ್ನಿಗೂ ಹಾಗೇ, ಕೊನೇ ನೆರಿಗೆಯಿಂದ.

ಬಿಚ್ಚುವಾಗ ಸೊಂಟಪಟ್ಟಿ ಮೊದಲು, ಆಮೇಲೆ ಫೆಲ್. ಮತ್ತೆ ಕಟ್ಟುವಾಗ ಕ್ರಮ ತಿರುಗಾಮುರುಗ. ಸೀಟಿನ ಮಟ್ಟಕ್ಕೆ ಆಚೆಯಿಂದ ಈಚೆವರೆಗೆ ಸೀಮೆಸುಣ್ಣದ ಒಂದು ನೇರ ಗೆರೆ ಎಳೆದು, ಆ ಗೆರೆ ಮೇಲೆ ಎಲ್ಲ ನೆರಿಗೆಗೂ ಪಿನ್ ಹಾಕಿ ಕಚ್ಚಾ ಹೊಲಿಗೆ ಹೊಡೆಯಿರಿ. ಸೊಂಟದ ಕಡೆ ಆಮೇಲೆ ಹೋಗಿ. ಮಷೀನ್ ಹೊಲಿಗೆಯೂ ಸೀಟಿನಿಂದ ಶುರುವಾಗಿ ಮೇಲೆ ಹೋಗಲಿ, ಆಗ ಬಟ್ಟೆ ಸರಿದರೂ ಆ ತಪ್ಪು ಸೊಂಟಪಟ್ಟಿಯೊಳಗೆ ಮುಚ್ಚಿ ಹೋಗುತ್ತೆ.

ಬೆಂಗ್ಳೂರ್_ಬಾಬಿನ್:

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಚೌಕಳಿ ಇಲ್ಲದ್ದನ್ನ ಕಿಲ್ಟ್ ಅಂತಾರಾ? ಅಲ್ಲಿಯವರು ನಗಲ್ವಾ?

ಅಬರ್ಡೀನ್_ಅಕ್ಕ:

ಲಂಡನ್ ಸ್ಕಾಟಿಷ್ ಅನ್ನೋ ಹಳೇ ಸೇನಾ ತುಕಡಿಯ ಕಿಲ್ಟ್ ಬರೀ ಬೂದು ಬಣ್ಣದ್ದು, ಹಾಡನ್ ಗ್ರೇ ಅಂತಾರೆ, ಒಂದು ಚೌಕಳಿಯೂ ಇಲ್ಲ. ಐರಿಷ್ ಪೈಪ್ ಬ್ಯಾಂಡಿನವರ ಸಾದಾ ಕೇಸರಿ ಕಿಲ್ಟ್ ನೋಡಿರಬಹುದು. ಹೊಸಬನಿಗೆ ಸಾದಾ ಬಟ್ಟೆಯೇ ಒಳ್ಳೇದು. ಟಾರ್ಟನ್ ಆಗಿದ್ದಿದ್ರೆ ಮಡಚಿದ ಮೇಲೂ ಹಿಂದೆ ಸಾಮಾನ್ಯವಾಗಿ ಅದೇ ಚೌಕಳಿ ಕೂಡಿ ಬರಬೇಕು. ಆಗ ನೆರಿಗೆಯ ಆಳವನ್ನ ಬಟ್ಟೆಯ ವಿನ್ಯಾಸ ತೀರ್ಮಾನಿಸುತ್ತೆ, ನೀವಲ್ಲ.

ಕತ್ತರಿಕಾಕಾ (ಹುಬ್ಬಳ್ಳಿ):

ಅಕ್ಕಾರ ಲೆಕ್ಕ ಬರೋಬ್ಬರಿ ಐತಿ. ಗೆರಿ ನಿಲ್ಲೂ ಮಾತ ನಾ ಹೇಳ್ತೇನಿ. ಉಣ್ಣಿ ಬಟ್ಟಿಗೆ ಹಸಿ ಅರಿವಿ ಹಾಕಿ ಇಸ್ತ್ರಿ ಒತ್ತಿದ್ರ ಉಗಿಗೆ ಗೆರಿ ಕುಂತು, ಆರಿದ ಮ್ಯಾಲ ಹಂಗ ನಿಂದರತೈತಿ. ಹತ್ತಿಗೆ ಆ ಬುದ್ಧಿ ಇಲ್ಲ. ಬೆವರು ತಾಗಿದ್ರ, ಕುಂತ್ರ, ಹೋತು. ಅದಕ್ಕ ಪ್ರತಿ ನೆರಿಗಿ ಮಡಿಕಿ ಅಂಚಿಗೆ ಬರೇ ಒಂದ ನೂಲಿನಷ್ಟು ಒಳಗ, ಫೆಲ್ ಮುಗಿದಲ್ಲಿಂದ ಕೆಳಗಿನ ಅಂಚಿನ ತನಕ ಒಂದ ಹೊಲಿಗಿ ಹೊಡಿ. ಹೊರಗಿನ ಮಡಿಕಿಗೂ, ಒಳಗಿನ ಮಡಿಕಿಗೂ. ಎರಡ ಪದರ ಅಷ್ಟ ಸೇರಬೇಕು, ಕೆಳಗಿನ ನೆರಿಗಿ ಸಿಗಬಾರದು ನೋಡು. ಒಗದ ಮ್ಯಾಲೂ ಗೆರಿ ತಾನ ತೋರಸತೈತಿ. ದಾರ ಅದ ಬಣ್ಣದ್ದು ಹಾಕು.

ಹೆಮ್ಮಿನ ಎರಡ ಮಡಿಕಿ ಬಿಚ್ಚಿ ಇಂಟರ್‌ಲಾಕ್ ಹೊಡಿ, ಒಂದ ಮಡಿಕಿ ಮಾಡಿ ಕೈಯಿಂದ ಹೆಮ್ಮಿಂಗ್ ಹಾಕು. ಒದೆಯೂದು ನಿಂದರತೈತಿ. ಮುಂದಿನ ಸಲ ಪಾಲಿಯೆಸ್ಟರ್-ವಿಸ್ಕೋಸ್ ಸೂಟಿಂಗ್ ತಗೋ. ಶಾಲಿ ಚೆಕ್ಸ್ ಸ್ಕರ್ಟಿಗೆ ನಾವು ಹಾಕೂದು ಅದ. ಅಗ್ಗ ಐತಿ, ಗೆರಿ ಹಿಡಿತೈತಿ.

ಅಬರ್ಡೀನ್_ಅಕ್ಕ:

ಒಳ ಮಡಿಕೆಗೆ ಹೊಲಿಗೆ ಖಂಡಿತ. ಹೊರ ಮಡಿಕೆಗೆ ನನಗೆ ಅಷ್ಟು ಮನಸ್ಸಿಲ್ಲ ಕಾಕಾ, ಮದುವೆಗೆ ಹಾಕೋ ಕಿಲ್ಟ್ ಜೇಬು ಗೀಬು ಇರೋ ಕ್ಯಾನ್ವಾಸ್ ಕಿಲ್ಟಿನ ಹಾಗೆ ಕಾಣುತ್ತೆ. ಆದ್ರೆ ಹತ್ತಿ ಬಟ್ಟೆಗೆ ಬೇರೆ ದಾರಿ ನನಗೂ ತೋಚ್ತಿಲ್ಲ, ಗುಂಡ ತೀರ್ಮಾನ ಮಾಡಲಿ. ಪಾಲಿ-ವಿಸ್ಕೋಸ್ ಮಾತಿಗೆ ನನ್ನದೂ ಒಪ್ಪಿಗೆ, ಇಲ್ಲಿ ಕಡಿಮೆ ಬೆಲೆಯ ಒಳ್ಳೆ ಕಿಲ್ಟ್‌ಗಳನ್ನ ಅದರಲ್ಲೇ ಹೊಲೀತಾರೆ. ಎಡಿನ್‌ಬರೋದ ರಾಯಲ್ ಮೈಲ್‌ನಲ್ಲಿ ಪ್ರವಾಸಿಗರಿಗೆ ಮಾರೋ ಅಕ್ರಿಲಿಕ್ ಥರದ್ದು ಮಾತ್ರ ಬೇಡ, ಇಸ್ತ್ರಿ ಬಿಸಿಗೆ ಹೊಳಪು ಬಂದು ಹಾಳಾಗುತ್ತೆ.

ಕಿನಾರೆ ವಿಷಯ ಮುಂದಿನ ಸಲಕ್ಕೆ ನೆನಪಿರಲಿ: ಎರಡು ಅರ್ಧಗಳಲ್ಲಿ ಒಂದನ್ನ ತಲೆಕೆಳಗು ತಿರುಗಿಸಿ ಜೋಡಿಸಿದ್ರೆ ಎರಡು ಕಿನಾರೆಯೂ ಕೆಳಗೇ ಬರ್ತವೆ. ಡ್ರಿಲ್ಲಿನ ಓರೆ ಗೆರೆ ತಿರುಗಿಸಿದ್ರೂ ಅದೇ ದಿಕ್ಕಿಗಿರುತ್ತೆ, ವ್ಯತ್ಯಾಸ ಕಾಣಲ್ಲ. ಜೋಡಣೆ ಹೊಲಿಗೆ ನೆರಿಗೆಯ ಒಳಗೆ ಬೀಳೋ ಹಾಗೆ ಇಡಿ.

ಗ್ಲಾಸ್ಗೋ_ಗುಂಡ:

ಅಕ್ಕ, ಕಾಕಾ, ಬಿಚ್ಚಿ ಮತ್ತೆ ಹೊಲಿದೆ. ನನ್ನ ಸೀಟಿನ ಗೆರೆ 7¾ಕ್ಕೆ ಸಿಕ್ತು. ಈಗ ನಿಂತಾಗ ನೆರಿಗೆಗಳು ಮುಚ್ಚಿಕೊಂಡು ನೇರ ಇಳೀತವೆ. ರೂಮಲ್ಲಿ ಗಿರಗಿರ ಸುತ್ತಿ ನೋಡಿದೆ, ಬಿಚ್ಚಿಕೊಂಡು ತಿರುಗಿ ತಮ್ಮ ಜಾಗಕ್ಕೆ ಬಂದು ಕೂರ್ತವೆ. ಮದುವೆ ರಾತ್ರಿ ಕೇಲಿ (ಸ್ಕಾಟಿಷ್ ಕುಣಿತದ ಕೂಟ) ಇದೆ, ಸ್ಟ್ರಿಪ್ ದ ವಿಲೋ ಕುಣಿತಕ್ಕೆ ಎಳೆದೇ ಎಳೀತಾರೆ, ಅದಕ್ಕೇ ಈ ಪರೀಕ್ಷೆ. ಒಳ ಮಡಿಕೆಗೆಲ್ಲ ಹೊಲಿಗೆ ಹಾಕಿದೆ, ಹೊರಗಿಂದು ಬಿಟ್ಟೆ. ಕಾಕಾ ಬೈಬೇಡಿ.

ಉಳಿದಿರೋದು ಎರಡು. ಸೊಂಟದ ಹತ್ರ ಮಷೀನ್ ಹೊಲಿಗೆ ಬಿಟ್ಟು ಬಿಟ್ಟು ಹಾಕ್ತಿದೆ, 14 ನಂಬರ್ ಸೂಜಿ. ಇನ್ನೊಂದು, ಒಳಗಿನ ಏಪ್ರನ್ನಿನ ಪಟ್ಟಿ ಹೊರಗೆ ಹೇಗೆ ಬರಬೇಕು? ಈಗ ವೆಲ್ಕ್ರೋ ಅಂಟಿಸಿದ್ದೀನಿ.

ಕತ್ತರಿಕಾಕಾ (ಹುಬ್ಬಳ್ಳಿ):

ಐದು ಗಜದಾಗ ಎರಡೂ ಏಪ್ರನ್, ಅಂಚಿನ ಮಡಿಕಿ ಎಲ್ಲಾ ಕಳದ್ರ ನೆರಿಗಿಗೆ ಸುಮಾರು 120 ಇಂಚು ಉಳಿತು, ಅದನ್ನ 20 ಇಂಚಿನಾಗ ತುಂಬೀದಿ. ಎಲ್ಲಿ ಮುಟ್ಟಿದ್ರೂ ಆರು ಪದರ, ಮ್ಯಾಲ ಪಟ್ಟಿ, ಕ್ಯಾನ್ವಾಸ್. 14 ಸೂಜಿ ಅಳತೈತಿ. 18 ಹಾಕು, ಟಾಕಿ ಉದ್ದ ಮಾಡು, ಪೆಡಲ್ ತುಳಿಬ್ಯಾಡ, ದಪ್ಪ ಇದ್ದಲ್ಲಿ ಚಕ್ರ ಕೈಯಿಂದ ತಿರುಗಿಸು. ಬೈಯೂದಿಲ್ಲ, ಒಗದ ಮ್ಯಾಲ ನೀನ ಬರ್ತೀ.

ಅಬರ್ಡೀನ್_ಅಕ್ಕ:

ವೆಲ್ಕ್ರೋ ತೆಗೀರಿ, ಸ್ಟ್ರಿಪ್ ದ ವಿಲೋ ಕುಣಿತದಲ್ಲಿ ಅದು ಕೈ ಕೊಡುತ್ತೆ. ಒಳ ಏಪ್ರನ್ನಿನ ತುದಿ ನಿಮ್ಮ ಎಡಗಡೆಗೆ ಬರುತ್ತೆ. ಅದರ ತುದಿಗೆ ಚರ್ಮದ ಪಟ್ಟಿ ಹೊಲಿದು, ಎಡ ಸೊಂಟದಲ್ಲಿ ಮೊದಲನೇ ನೆರಿಗೆಯ ಪಕ್ಕ ಉದ್ದನೆ ಕಾಜಾ ಮಾಡಿ, ಅದರಿಂದ ಪಟ್ಟಿ ಹೊರಗೆ ತಂದು ಅಲ್ಲಿಯ ಬಕಲ್ಲಿಗೆ ಹಾಕಿ. ಮೇಲಿನ ಏಪ್ರನ್ನಿನ ಪಟ್ಟಿ ಬಲಗಡೆಗೆ. ಕಾಜಾ ಕತ್ತರಿಸೋ ಮುಂಚೆ ಹಿಂದೆ ಕ್ಯಾನ್ವಾಸ್ ತುಂಡು ಕೊಡಿ, ಇಡೀ ಕಿಲ್ಟಿನ ಭಾರ ಅಲ್ಲೇ ಎಳೆಯೋದು. ಹಳೇ ಹ್ಯಾಂಡ್‌ಬ್ಯಾಗಿನ ಪಟ್ಟಿ-ಬಕಲ್ ಸಾಕು, ಚಾರಿಟಿ ಅಂಗಡಿಯಲ್ಲಿ ಹುಡುಕಿ.