ಅಡಿಗಿಮನಿ ಹೊಸದು ಮಾಡ್ಸೋರು ಕೇಳ್ರಿ: ಪ್ರಶ್ನೋತ್ತರ

ಗುತ್ತಿಗೆದಾರ (ಕೊಪ್ಪಳ): ಎಲ್ಲರಿಗೂ ನಮಸ್ಕಾರ. ಕಟ್ಟಿ, ಕಲ್ಲು, ಕಪಾಟು, ವೈರಿಂಗ್ ಏನರ ಕೇಳ್ರಿ. ಅಳತಿ ಬರದು ಕೇಳಿದ್ರ ಉತ್ತರ ಸರಳ ಆಗ್ತೈತಿ.

ಕುಷ್ಟಗಿ ಸೊಸಿ: ಸರ್, ಕಟ್ಟಿ ಎಷ್ಟು ಎತ್ತರ ಇರಬೇಕ್ರಿ? ನಾನು 5 ಅಡಿ 1 ಇಂಚು. ದಿನಾ ರೊಟ್ಟಿ ಬಡಿಯೋದೈತಿ.

ಗುತ್ತಿಗೆದಾರ: ನೆಟ್ಟಗ ನಿಂತು ಕೈ ಮಡಚ್ರಿ. ನೆಲದಿಂದ ಮೊಣಕೈತನಕ ಅಳದು 4–5 ಇಂಚು ಕಳೀರಿ. ನಿಮಗ 32–33 ಇಂಚು ಬರ್ತೈತಿ, ಅಗಲ 24 ಸಾಕು. ಆದ್ರ ರೊಟ್ಟಿ ಬಡಿಯಾಕ ಅದು ಎತ್ತರ ಆಗಿ ಹೆಗಲು ಸೋಲ್ತಾವ. ಒಲಿ ಬಾಜೂಕ 2 ಅಡಿ ಉದ್ದದ ಕಟ್ಟಿ 28 ಇಂಚಿಗೆ ಇಳಿಸ್ರಿ. ಅದರ ಕೆಳಗ ಡ್ರಾವರ್ ಬ್ಯಾಡ. ಎರಡೂ ಕಡೆ ಇಟ್ಟಂಗಿ ಗ್ವಾಡಿ, ಮ್ಯಾಲೆ ಕಡಪಾ ಬಂಡಿ, ಅದರ ಮ್ಯಾಲೆ ಗ್ರಾನೈಟ್. ನಡುವಿನ ಗಾರಿಯಾಗ ಪೊಳ್ಳು ಉಳಿಬಾರದು. ಉಳಿದ್ರ ಬಡದು ಬಡದು 18 ಎಂಎಂ ಕಲ್ಲು ಸೀಳ್ತೈತಿ.

ಎರಿಹೊಲ: ಕಪಾಟಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಿಗಿ) ನಡೀತೈತೇನ್ರಿ? ಅಗ್ಗ ಐತಿ.

ಗುತ್ತಿಗೆದಾರ: ಸಿಂಕ್ ಕೆಳಗ ಬ್ಯಾಡೇ ಬ್ಯಾಡ, ನೀರು ಕುಡದು ಉಬ್ಬತೈತಿ. ಐಎಸ್ 710 ಮುದ್ರಿ ಇರೋ, ನೀರು ತಡಿಯೋ ಪ್ಲೈವುಡ್ ತಗೋರಿ, ಕೊಯ್ದ ಅಂಚು ಎಲ್ಲಾ ಮುಚ್ಚಸ್ರಿ.

ಗಂಗಾವತಿ ಮನಿ: ಬಡಿಗ್ಯಾರು ಸಿಂಕ್ ಕೆಳಗಿನ ಕಪಾಟಿನಾಗ ಎರಡು ಸಿಲಿಂಡರ್ ಕೂಡೋ ಹಂಗ ಮಾಡ್ಯಾರ. ಜಿರಲಿ ಬರಬಾರದಂತ ಬಾಗಲಕ್ಕ ರಬ್ಬರ್ ಪಟ್ಟಿ ಐತಿ. ಆರ್‌ಓ ಪ್ಲಗ್ಗೂ ಒಳಗೇ. ಪೈಪ್ ಡ್ರಾವರ್ ಹಿಂದಿಂದ ಹಾದು ಒಲಿಗೆ ಹೋಗ್ತೈತಿ, ಹತ್ರತ್ರ 3 ಮೀಟರ್. ಬಾಗಲಕ್ಕ ಯಾವ ಕಲರ್ ಹಾಕ್ಸಲಿ?

ಗುತ್ತಿಗೆದಾರ: ಕಲರ್ ಆಮ್ಯಾಲೆ. ಮೊದ್ಲು ರೆಗ್ಯುಲೇಟರ್ ಬಂದ್ ಮಾಡಿ ಸಿಲಿಂಡರ್ ಹೊರಗ ತಗೀರಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ಮ್ಯಾಲೆ ಹೋಗೂದಿಲ್ಲ, ತಳದಾಗ ನಿಲ್ತೈತಿ. ರಬ್ಬರ್ ಪಟ್ಟಿ ಇದ್ದ ಮ್ಯಾಲೆ ವಾಸನಿನೂ ನಿಮಗ ಬರೂದಿಲ್ಲ. ಆರ್‌ಓ ಪಂಪ್ ತಾನಾ ಚಾಲೂ ಆಗೋದು, ಬಂದ್ ಆಗೋದು. ಅದರ ಸ್ವಿಚ್ಚಿನ ಒಂದು ಕಿಡಿ ಸಾಕು.

ಹಿಂಗ ಮಾಡ್ರಿ. ರಬ್ಬರ್ ಕೀಳ್ರಿ. ಬಾಗಲದ ಅಡಿಗೂ ತಲಿಗೂ ಜಾಲರಿ ಕೂಡಸ್ರಿ, ಹೊರಗ್ವಾಡಿ ಇದ್ರ ನೆಲಮಟ್ಟಕ್ಕ 4 ಇಂಚಿನ ತೂತು ಹೊಡಸ್ರಿ. ಪ್ಲಗ್ ಪಾಯಿಂಟ್ ಕಟ್ಟಿ ಮ್ಯಾಲೆ ಬರ್ಲಿ. ಸಿಂಕ್ ನೀರಿನ ಜಾಲಿ ಅದೇ ಕಪಾಟಿನಾಗ ಇದ್ರ ಸಿಲಿಂಡರ್ ಬ್ಯಾರೆ ಖಾನೆಗೆ ಹೋಗ್ಬೇಕು, ಯಾಕಂದ್ರ ಗ್ಯಾಸ್ ಚರಂಡಿಗೂ ಇಳೀತೈತಿ. ರಬ್ಬರ್ ಪೈಪ್ 1.5 ಮೀಟರ್ ದಾಟಬಾರದು, ಕಣ್ಣಿಗೆ ಕಾಣಬೇಕು. ಡ್ರಾವರ್ ಹಿಂದ ಅಂದ್ರ ಇಲಿ ಕಡದ್ರೂ ಗೊತ್ತಾಗಲ್ಲ, ಡ್ರಾವರ್ ಜಾರೋ ಚಾನಲ್ ಉಜ್ಜಿದ್ರೂ ಗೊತ್ತಾಗಲ್ಲ. ಐಎಸ್‌ಐ ಮುದ್ರಿ ಇರೋದು ಹಾಕಿ 5 ವರ್ಷಕ್ಕ ಬದಲಸ್ರಿ. ಒಲಿ ದೂರ ಇದ್ರ ಗ್ಯಾಸ್ ಏಜೆನ್ಸಿ ಮೆಕ್ಯಾನಿಕ್ ಕಡೆಯಿಂದ ತಾಮ್ರದ ಪೈಪ್ ಹಾಕಸ್ರಿ, ಬಡಿಗ್ಯಾರ ಕಡೆಯಿಂದ ಅಲ್ಲ.

ಜೋಡಣಿ ಆದ ಮ್ಯಾಲೆ ಸಾಬೂನು ನೊರಿ ಹಚ್ಚಿ ನೋಡ್ರಿ, ಕಡ್ಡಿ ಗೀರಬ್ಯಾಡ್ರಿ. ವಾಸನಿ ಬಂದ್ರ ಸ್ವಿಚ್ ಹಾಕಬ್ಯಾಡ, ಆರಿಸಲೂ ಬ್ಯಾಡ. ಕಿಟಕಿ-ಬಾಗಲ ತಗದು ಹೊರಗ ಬಂದು 1906ಕ್ಕ ಫೋನ್ ಮಾಡ್ರಿ.

ಸಿಂಧನೂರು ಅಣ್ಣ: ಫಾರ್ವರ್ಡ್ ಬಂದೈತಿ: ಕಪಾಟಿಗೆ ಗೆದ್ದಲು ಹತ್ತಿದ್ರ ಒಳಗ ಡೀಸೆಲ್ ಬಳೀರಿ. ಸಿಂಕ್ ಕಟ್ಟಿದ್ರ ಬ್ಲೀಚಿಂಗ್ ಪುಡಿ ಹಾಕಿ ಮ್ಯಾಲೆ ಆಸಿಡ್ ಸುರೀರಿ.

ಗುತ್ತಿಗೆದಾರ: ಎರಡನ್ನೂ ಅಳಸ್ರಿ. ಬ್ಲೀಚಿಂಗ್ ಪುಡಿಗೆ ಆಸಿಡ್ ಕೂಡಿದ್ರ ಕ್ಲೋರಿನ್ ಏಳ್ತೈತಿ, ಅದು ವಿಷಗಾಳಿ. ಒಲಿ ಬಾಜೂಕ ಡೀಸೆಲ್ ಬಳಿ ಅನ್ನೋದು ಓದಿದ ಮ್ಯಾಲೂ ಹೆಂಗ ಕಳಿಸಿದ್ರಿ? ಕಟ್ಟಿದ ಸಿಂಕಿಗೆ ಕೆಳಗಿನ ಬಾಟಲ್ ಟ್ರಾಪ್ (ಕಸ ನಿಲ್ಲೋ ಬಾಟಲಿಯಂಥ ಭಾಗ) ತಿರುವಿ ಬಿಚ್ಚಿ ತೊಳೀರಿ, ಹತ್ತು ನಿಮಿಷದ ಕೆಲಸ.

ಮಸ್ಕಿ: ಬೋರಿನ ನೀರಿಗೆ ನಳದ ಮ್ಯಾಲೆ ಬಿಳಿ ಪದರು ಕೂಡತೈತಿ, ಯಾವ ನಳ ಹಾಕ್ಸಲಿ?

ಹಳೇ ಮನಿ: ಗ್ರಾನೈಟ್ ಯಾಕ್ರಿ? ಶಹಾಬಾದ್ ಬಂಡಿ ಇರುವಾಗ ದುಡ್ಡು ಹಾಳು.

ಎರಿಹೊಲ: ಶಹಾಬಾದ್ ಸುಣ್ಣದ ಕಲ್ಲು. ಹುಣಸಿ ಹುಳಿ, ಲಿಂಬಿಹುಳಿ ಬಿದ್ದಲ್ಲೆಲ್ಲ ಕಲಿ ಉಳೀತೈತಿ.

ಹಳೇ ಮನಿ: ನೆಲಕ್ಕ ಹಾಕ್ತಾರಲ್ಲ? ನಮ್ಮ ಕಡೆ ಎಷ್ಟೋ ಮನ್ಯಾಗ ಐತಿ.

ಎರಿಹೊಲ: ನೆಲದ ಮಾತು ಯಾರು ತಗದ್ರು? ಕಟ್ಟಿ ಬಗ್ಗೆ ಕೇಳಾಕತ್ತೇವಿ.

ಹಳೇ ಮನಿ: ನಿಮಗ ಎಂಡಿಎಫ್ ಅಗ್ಗ ಅಂತ ಬೇಕು, ಬಂಡಿ ಮಾತ್ರ ಬ್ಯಾಡ. ಮೊದ್ಲು ಒಲಿ ಆಗ್ನೇಯಕ್ಕ ಐತೋ ಇಲ್ಲೋ ನೋಡ್ಕೋರಿ.

ಎರಿಹೊಲ: ಆಗ್ನೇಯದಾಗ ನಮ್ಮದು ಕಿಟಕಿ ಐತಿ. ಗಾಳಿಗೆ ಉರಿ ಆರಿ ಗ್ಯಾಸ್ ಸೋರಿದ್ರ ನೀವು ಬರ್ತೀರೇನು?

ಗುತ್ತಿಗೆದಾರ: ಕಟ್ಟಿಗೆ ಗ್ರಾನೈಟ್, ನೆಲಕ್ಕ ಶಹಾಬಾದ್ ಛಲೋ. ಕಿಟಕಿ ಎದುರಿಗೆ ಒಲಿ ಬ್ಯಾಡ. ಜಗಳ ಸಾಕು.

ಯಲಬುರ್ಗಾ: ಕಟ್ಟಿ ಎತ್ತರ ಎಷ್ಟಿರಬೇಕು ಸರ್?

ಗುತ್ತಿಗೆದಾರ: ಮ್ಯಾಲೆ ಬರದೇನಿ.

ಕಾರಟಗಿ: ರೊಟ್ಟಿ ಕಟ್ಟಿ ಎಷ್ಟಕ್ಕ ಇಳಿಸ್ಬೇಕು?

ಗುತ್ತಿಗೆದಾರ: 28. ಓದಿ ಕೇಳ್ರಿ.

ಮಸ್ಕಿ: ನಳದ್ದು ಕೇಳಿದ್ದೆ, ಯಾರೂ ಹೇಳಲಿಲ್ಲ.

ಹಳೇ ಮನಿ: ಇಲ್ಲಿ ಗ್ರಾನೈಟ್‌ನವರಿಗೆ ಅಷ್ಟ ಉತ್ತರ.

ಗಂಗಾವತಿ ಮನಿ: ಸರ್, ಸಿಲಿಂಡರ್ ಹೊರಗ ಇಟ್ಟೇವಿ, ರಬ್ಬರ್ ಕಿತ್ತೇವಿ. ಎಲೆಕ್ಟ್ರಿಷಿಯನ್ ಸೋಮವಾರ ಬರ್ತಾನಂತ. ಅಲ್ಲಿತನಕ ಆರ್‌ಓ ನಡಸಬಹುದೇನ್ರಿ?

ಗುತ್ತಿಗೆದಾರ: ಕಪಾಟಿನ ಬಾಗಲ ಒಂದು ತಾಸು ತಗದಿಡ್ರಿ, ವಾಸನಿ ಇಲ್ಲ ಅಂತ ಖಾತ್ರಿ ಆದ ಮ್ಯಾಲೆ ನಡಸ್ರಿ. ಸಿಲಿಂಡರ್ ಬಿಸಲಾಗ ಇಟ್ಟಿಲ್ಲಲ್ಲ? ನೆರಳಿಗೆ, ನೆಟ್ಟಗ ನಿಲ್ಲಿಸ್ರಿ, ಅಡ್ಡ ಮಲಗಿಸಬ್ಯಾಡ್ರಿ. ತುಂಬಿದ ಎರಡನೇದರ ಮೂತಿಗೆ ಕ್ಯಾಪ್ ಬಿಗದಿದ್ದು ನೋಡಿ ಹೇಳ್ರಿ, ಕಾಯ್ತೇನಿ.