ಆಲೆಮನೆಗೂ ರಂಗನತಿಟ್ಟಿಗೂ ಒಂದೇ ಕ್ಯಾಮೆರಾ: ಮಿರರ್‌ಲೆಸ್ ತಗೊಳ್ಳಲೋ, ಜೇಬಿನದೋ?

ಕಬ್ಬಿನಗದ್ದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಪಾಂಡವಪುರದ ಹತ್ತಿರ, ಕೆಲಸ ಮೈಸೂರಿನಲ್ಲಿ. ಇಷ್ಟು ದಿನ ಫೋನಿನಲ್ಲೇ ಫೋಟೊ ತೆಗೆಯುತ್ತಿದ್ದೆ. ಈಗ ಒಂದು ಕ್ಯಾಮೆರಾ ಬೇಕೇ ಬೇಕು ಅನ್ನಿಸಿದೆ.

ಕಾರಣ ಹೇಳುತ್ತೇನೆ. ನಮ್ಮ ದೊಡ್ಡಪ್ಪನ ಆಲೆಮನೆ ಇದೆ. ನಾನು ಅಲ್ಲೇ ಆಡಿ ಬೆಳೆದವನು. ಈಗ ಆಳುಗಳು ಸಿಗುವುದಿಲ್ಲ, ದೊಡ್ಡಪ್ಪನಿಗೂ ಮಂಡಿ ನೋವು ಜಾಸ್ತಿಯಾಗಿದೆ, ಈ ಸಲದ ಕಬ್ಬು ಮುಗಿದ ಮೇಲೆ ನಿಲ್ಲಿಸಿಬಿಡುತ್ತೇನೆ ಅನ್ನುತ್ತಿದ್ದಾರೆ. ಅಷ್ಟರೊಳಗೆ ಅಲ್ಲಿನ ಕೆಲಸವನ್ನೆಲ್ಲ ಸರಿಯಾಗಿ ಫೋಟೊ ತೆಗೆದು ಇಟ್ಟುಕೊಳ್ಳಬೇಕು. ಬೆಳಗಿನ ಜಾವ ನಾಲ್ಕಕ್ಕೆಲ್ಲ ಒಲೆ ಹಚ್ಚುತ್ತಾರೆ. ಒಂದು ಬಲ್ಬು, ಒಲೆಯ ಬೆಂಕಿ, ಇನ್ನೆಲ್ಲ ಕತ್ತಲು ಮತ್ತು ಹಬೆ. ಫೋನಿನಲ್ಲಿ ತೆಗೆದರೆ ಪಾಕ ತಿರುಗಿಸುವ ಅವರ ಕೈ ಕಲಸಿಹೋಗುತ್ತದೆ, ಹಬೆ ಹತ್ತಿ ಮೆತ್ತಿದ ಹಾಗೆ ಕಾಣುತ್ತದೆ.

ಇನ್ನೊಂದು ಕಡೆ ನನ್ನ ಮಗಳು. ಒಂಬತ್ತು ವರ್ಷ, ಹಕ್ಕಿ ಅಂದರೆ ಪ್ರಾಣ. ರಂಗನತಿಟ್ಟಿಗೆ ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಹೋಗುತ್ತೇವೆ.

ನೋಡಿಟ್ಟಿರುವುದು ಎರಡು. ಕ್ಯಾನನ್ ಆರ್50, ಅಂದರೆ ಲೆನ್ಸ್ ಬದಲಾಯಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ, ಜೊತೆಗೆ ಬರುವ 18-45 ಮಿ.ಮೀ. ಜೂಮ್ ಲೆನ್ಸ್. ಇಲ್ಲವೇ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3, ಜೇಬಿಗೆ ಹೋಗುವಂಥದ್ದು. ಅಂಗಡಿಯಲ್ಲಿ ಕೇಳಿದರೆ ‘ಮಿರರ್‌ಲೆಸ್ ಸೆನ್ಸರ್ ದೊಡ್ಡದು, ಕತ್ತಲಲ್ಲಿ ಅದೇ ಮೇಲು, ಸುಮ್ನೆ ಯೋಚನೆ ಮಾಡಬೇಡಿ’ ಅಂದರು. ಸ್ನೇಹಿತನೊಬ್ಬ ‘ದೊಡ್ಡ ಕ್ಯಾಮೆರಾ ತಗೊಂಡರೆ ಆರು ತಿಂಗಳಾದ ಮೇಲೆ ಬೀರುವಿನಲ್ಲಿ ಇರುತ್ತದೆ’ ಅಂತಾನೆ. ಯಾರ ಮಾತು ಸರಿ?

ಕುಕ್ಕರಹಳ್ಳಿ ಏರಿ ಬರೆದದ್ದು:

ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. ಆ ಇನ್ನರ್ಧ ಗೊತ್ತಿಲ್ಲದೆ ದುಡ್ಡು ಹಾಕಿದರೆ ಆಲೆಮನೆಯಲ್ಲಿ ನಿಮಗೆ ಬೇಸರ ಆಗುತ್ತದೆ.

ಸೆನ್ಸರ್ ಅಂದರೆ ಬೆಳಕು ಬಿದ್ದು ಚಿತ್ರವಾಗುವ ಚಿಪ್. ಆರ್50ಯದು 22.3 x 14.9 ಮಿ.ಮೀ. ಜಿ7 ಎಕ್ಸ್‌ನದು ‘ಒಂದು ಇಂಚು’ ಅಂತ ಕರೆಯುವ ಅಳತೆ, ನಿಜವಾಗಿ 13.2 x 8.8 ಮಿ.ಮೀ. ಗುಣಿಸಿ ನೋಡಿದರೆ ಮೊದಲನೆಯದು ಹತ್ತಿರ ಹತ್ತಿರ 2.9 ಪಟ್ಟು ದೊಡ್ಡದು. ಸರಿ. ಆದರೆ ಬೆಳಕು ಒಳಗೆ ಬರುವುದು ಲೆನ್ಸ್ ಮೂಲಕ ಅಲ್ವಾ? ಜಿ7 ಎಕ್ಸ್‌ನ ಲೆನ್ಸ್ ಅಗಲದ ತುದಿಯಲ್ಲಿ, ಅಂದರೆ ಜೂಮ್ ಮಾಡದಿರುವಾಗ, ಎಫ್ 1.8ಕ್ಕೆ ತೆರೆಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). 18-45 ಲೆನ್ಸ್ ಎಫ್ 4.5ಕ್ಕೇ ನಿಲ್ಲುತ್ತದೆ. 4.5ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ, 6.25. ಅಂದರೆ ಒಂದೇ ಅಳತೆಯ ಜಾಗಕ್ಕೆ ಜೇಬಿನ ಕ್ಯಾಮೆರಾ ಆರು ಪಟ್ಟು ಬೆಳಕು ಸುರಿಯುತ್ತದೆ. ಸೆನ್ಸರ್ ಸಣ್ಣದು ಅಂತ ಅದನ್ನು 2.9ರಿಂದ ಭಾಗಿಸಿದರೂ ಎರಡು ಪಟ್ಟಿಗಿಂತ ಜಾಸ್ತಿ ಉಳಿಯುತ್ತದೆ. ಜೂಮ್ ಮಾಡಿದ ತುದಿಯಲ್ಲೂ ಹೆಚ್ಚುಕಡಿಮೆ ಹೀಗೇ, ಜೇಬಿನದು ಎಫ್ 2.8, 18-45 ಎಫ್ 6.3.

ನಿಮ್ಮ ಆಲೆಮನೆಯ ಮಾತಲ್ಲೇ ಹೇಳಬೇಕೆಂದರೆ, ದೊಡ್ಡ ಕೊಪ್ಪರಿಗೆ ಇಟ್ಟು ಸಣ್ಣ ನಳದಲ್ಲಿ ಕಬ್ಬಿನ ಹಾಲು ಬಿಟ್ಟ ಹಾಗೆ. ಕೊಪ್ಪರಿಗೆ ದೊಡ್ಡದಾದರೆ ಸಾಲದು.

ಹಾಗಂತ ಜೇಬಿನದೇ ತಗೊಳ್ಳಿ ಅನ್ನುತ್ತಿಲ್ಲ. ಮಿರರ್‌ಲೆಸ್‌ನ ದೊಡ್ಡ ಗುಣ ಅಂದರೆ ಆ ನಳ ಬದಲಾಯಿಸಬಹುದು. ಸಿಗ್ಮಾ 30 ಮಿ.ಮೀ. ಎಫ್ 1.4 ಅಂತ ಒಂದು ಲೆನ್ಸ್ ಇದೆ, ಈಗ ಕ್ಯಾನನ್‌ನ ಆರ್‌ಎಫ್ ಮೌಂಟಿಗೂ, ಅಂದರೆ ಆರ್50ಯಲ್ಲಿ ಲೆನ್ಸ್ ಕೂರಿಸುವ ಬಾಯಿಗೂ, ಬಂದಿದೆ. ಅದನ್ನು ಹಾಕಿದರೆ ಲೆಕ್ಕ ತಿರುಗಿಬಿಡುತ್ತದೆ, ಜಿ7 ಎಕ್ಸ್‌ಗಿಂತ ನಾಲ್ಕು ಪಟ್ಟಿಗೂ ಮೀರಿ ಬೆಳಕು. ಅಷ್ಟು ಬೆಳಕು ಬಂದರೆ ಶಟರ್ 1/125 ಸೆಕೆಂಡು ತೆರೆದರೂ ಸಾಕು, ನಿಮ್ಮ ದೊಡ್ಡಪ್ಪನ ಕೈ ಕಲಸದೆ ನಿಲ್ಲುತ್ತದೆ. ಫೋನಿನಲ್ಲಿ ಕಲಸುವುದಕ್ಕೆ ಕಾರಣ ಬೆಳಕು ಸಾಲದಿರುವುದೇ. ಕತ್ತಲಲ್ಲಿ ಅದು ಒಂದರ ಮೇಲೊಂದು ಹಲವು ಚಿತ್ರ ತೆಗೆದು ಸೇರಿಸುತ್ತದೆ, ಅಷ್ಟರಲ್ಲಿ ಕೈ ಜರುಗಿರುತ್ತದೆ, ಹಬೆಯೂ ಜರುಗಿರುತ್ತದೆ.

ಬೆಳ್ಳೂರಿನ ಹುಣಸೆಮರ ಬರೆದದ್ದು:

ಮಗಳ ಪರವಾಗಿ ನಾನು ಮಾತಾಡುತ್ತೇನೆ.

ರಂಗನತಿಟ್ಟಿನಲ್ಲಿ ದೋಣಿ ನಡುಗಡ್ಡೆಗಳ ಹತ್ತಿರ ಹೋಗುತ್ತದೆ ನಿಜ, ಆದರೆ ಗೂಡಿನ ಒಳಗೆ ಹೋಗುವುದಿಲ್ಲ. ಜಿ7 ಎಕ್ಸ್‌ನ ಜೂಮ್ ನಿಲ್ಲುವುದು 100 ಮಿ.ಮೀ.ಗೆ (ಬೇರೆ ಬೇರೆ ಸೆನ್ಸರ್‌ಗಳನ್ನು ಹೋಲಿಸಲು ಬಳಸುವ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ). ಬಣ್ಣದ ಕೊಕ್ಕರೆ ಮರಿಗೆ ಉಣಿಸುವುದು ನಿಮ್ಮ ಕಣ್ಣಿಗೆ ಕಾಣುತ್ತದೆ, ಫೋಟೊದಲ್ಲಿ ಬಿಳಿ ಚುಕ್ಕೆ ಇರುತ್ತದೆ. ಆರ್50ಗೆ 55-210 ಲೆನ್ಸ್ ಹಾಕಿದರೆ ಅದೇ ಲೆಕ್ಕದಲ್ಲಿ 336 ಮಿ.ಮೀ. ಆಗುತ್ತದೆ, ಹಕ್ಕಿ ಉದ್ದಕ್ಕೂ ಅಗಲಕ್ಕೂ ಮೂರು ಪಟ್ಟಿಗಿಂತ ದೊಡ್ಡದಾಗಿ ಬರುತ್ತದೆ. ಆ ಲೆನ್ಸ್ ದೂರದ ತುದಿಯಲ್ಲಿ ಎಫ್ 7.1, ಸಂಜೆಗೆ ಪ್ರಯೋಜನ ಇಲ್ಲ. ಆದರೆ ನೀವು ಹೋಗುವುದು ಬಿಸಿಲಿನಲ್ಲಿ ತಾನೇ.

ಬಿಸಿಲು ಅಂದದ್ದಕ್ಕೆ ಇನ್ನೊಂದು ಹೇಳಬೇಕು, ಇದನ್ನು ಯಾರೂ ಹೇಳುವುದಿಲ್ಲ. ಜಿ7 ಎಕ್ಸ್‌ಗೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಹನ್ನೊಂದು ಗಂಟೆ ಬಿಸಿಲಲ್ಲಿ, ಕೆಳಗೆ ಕಾವೇರಿ ನೀರು ಹೊಳೆಯುತ್ತಿರುವಾಗ, ಪರದೆ ಮೇಲೆ ಏನೂ ಕಾಣಿಸದು. ಆರ್50ಯಲ್ಲಿ ವ್ಯೂಫೈಂಡರ್ ಇದೆ. ಮುಖಕ್ಕೆ ಒತ್ತಿ ಹಿಡಿಯುವುದರಿಂದ ದೋಣಿ ಅಲ್ಲಾಡಿದರೂ ಕೈ ಗಟ್ಟಿ ನಿಲ್ಲುತ್ತದೆ. ಹಾರುವ ಹಕ್ಕಿಗೆ 1/1000 ಸೆಕೆಂಡಾದರೂ ಇಡಿ, ಮಗಳಿಗೂ ಅದನ್ನೇ ಹೇಳಿಕೊಡಿ. ಹಕ್ಕಿಯ ಕಣ್ಣು ಹುಡುಕಿ ಫೋಕಸ್ ಮಾಡುವುದು ಆರ್50ಗೆ ತಾನಾಗೇ ಬರುತ್ತದೆ.

ಒಮ್ಮೆ ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿಗೂ ಕರೆದುಕೊಂಡು ಬನ್ನಿ. ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಕೆಳಗೆ ಜನ ಓಡಾಡುತ್ತಿರುತ್ತಾರೆ. ಅಲ್ಲಿ ಸಣ್ಣ ಜೂಮ್ ಕೂಡ ಸಾಕು, ಹಕ್ಕಿ, ಮನೆ, ಜನ ಮೂರೂ ಒಂದೇ ಚಿತ್ರದಲ್ಲಿ ಸಿಗುತ್ತವೆ.

ದೇವರಾಜ ಮಾರ್ಕೆಟ್ ಬರೆದದ್ದು:

ಮೇಲಿನವರು ಇಬ್ಬರೂ ಲೆನ್ಸ್ ಲೆಕ್ಕ ಹೇಳಿದರು. ನಾನು ಮನುಷ್ಯರ ಕಡೆಯಿಂದ ಹೇಳುತ್ತೇನೆ. ಹತ್ತು ವರ್ಷದಿಂದ ಮಾರ್ಕೆಟ್‌ನಲ್ಲಿ ಹೂವಿನವರ, ಕುಂಕುಮದವರ ಫೋಟೊ ತೆಗೆಯುತ್ತಿದ್ದೇನೆ. ದೊಡ್ಡ ಕ್ಯಾಮೆರಾ ಎತ್ತಿದ ಕೂಡಲೇ ಜನ ಕೆಲಸ ಬಿಟ್ಟು ನೆಟ್ಟಗೆ ನಿಲ್ಲುತ್ತಾರೆ. ಕೈಯಲ್ಲಿದ್ದ ಹಾರ ಕೆಳಗಿಡುತ್ತಾರೆ. ಜೇಬಿನದು ಹಿಡಿದರೆ ಮಾತಾಡುತ್ತಲೇ ಹೂ ಕಟ್ಟುತ್ತಾರೆ. ನನ್ನ ಹತ್ತಿರ ಇರುವುದು ರಿಕೋ ಜಿಆರ್ 3, 257 ಗ್ರಾಂ, ಸೆನ್ಸರ್ ಮಾತ್ರ ದೊಡ್ಡ ಕ್ಯಾಮೆರಾದ್ದೇ ಅಳತೆ. ಜೂಮ್ ಇಲ್ಲ, 28 ಮಿ.ಮೀ. ಒಂದೇ. ಬ್ಯಾಟರಿ 200 ಫೋಟೊಗೆ ಮುಗಿಯುತ್ತದೆ, ಎರಡು ಬ್ಯಾಟರಿ ಜೇಬಲ್ಲಿ ಇರಲೇಬೇಕು.

ಆದರೂ ನಿಮಗೆ ಜೇಬಿನದು ಬೇಡ ಅನ್ನುತ್ತೇನೆ, ಅದಕ್ಕೆ ಕಾರಣ ಆಲೆಮನೆಯೇ. ನನ್ನ ಹಿಂದಿನ ಪುಟ್ಟ ಕ್ಯಾಮೆರಾ, ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಂಥದ್ದು, ಒಂದು ದಿನ ಮಂಡ್ಯದ ಹತ್ತಿರದ ಒಂದು ಆಲೆಮನೆಗೆ ತೆಗೆದುಕೊಂಡು ಹೋಗಿದ್ದೆ. ಒಣಗಿದ ಕಬ್ಬಿನ ಸಿಪ್ಪೆಯ ಧೂಳು, ಬೂದಿ, ಸಿಹಿ ಹಬೆ. ಲೆನ್ಸ್ ಒಳಗೆ ಹೋಗುವಾಗ ಅದನ್ನೆಲ್ಲ ಎಳೆದುಕೊಂಡೇ ಹೋಯಿತು. ವಾರ ಕಳೆದ ಮೇಲೆ ಆಕಾಶದ ಫೋಟೊದಲ್ಲೆಲ್ಲ ಕಪ್ಪು ಚುಕ್ಕೆ. ಅದನ್ನು ಬಿಚ್ಚದೆ ಸ್ವಚ್ಛ ಮಾಡಲು ಬರುವುದಿಲ್ಲ. ರಿಪೇರಿಗೆ ಕೊಟ್ಟೆ, ಎರಡು ತಿಂಗಳು ಇಟ್ಟುಕೊಂಡು ಹಾಗೇ ವಾಪಸ್ ಕೊಟ್ಟರು. ತುಂಬ ನೊಂದುಕೊಂಡೆ. ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದು ಬ್ಲೋವರ್‌ನಿಂದ ಊದಿದರೆ ಚುಕ್ಕೆ ಬಹುಪಾಲು ಹೋಗುತ್ತದೆ. ಲೆನ್ಸ್ ಮುಂದೆ ಒಂದು ಗಾಜಿನ ಫಿಲ್ಟರ್ ಹಾಕಿಡಿ, ಅಂಟು ಹನಿ ಬಿದ್ದರೆ ಅದನ್ನು ಒರೆಸಿಕೊಳ್ಳಬಹುದು.

ಆಲೆಮನೆ ಒಳಗೆ ನಿಂತು ಲೆನ್ಸ್ ಬದಲಾಯಿಸಬೇಡಿ. ಮನೆಯಲ್ಲೇ 30 ಹಾಕಿಕೊಂಡು ಹೋಗಿ.

ಕಬ್ಬಿನಗದ್ದೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊಪ್ಪರಿಗೆ, ನಳದ ಮಾತು ಮನಸ್ಸಿಗೆ ನಾಟಿತು. ಆದರೆ ದೇವರಾಜ ಮಾರ್ಕೆಟ್ ಹೇಳಿದ ಮೊದಲನೇ ಮಾತು ಕಾಡುತ್ತಿದೆ. ದೊಡ್ಡಪ್ಪ ಫೋಟೊ ಅಂದರೆ ಟವೆಲ್ ಸರಿ ಮಾಡಿಕೊಂಡು, ಉಸಿರು ಬಿಗಿಹಿಡಿದು ನಿಲ್ಲುವವರು. ನನಗೆ ಬೇಕಾಗಿರುವುದು ಅವರು ಪಾಕ ಬಂತಾ ಅಂತ ನೋಡುವಾಗ ಮುಖದಲ್ಲಿ ಬರುವ ಆ ಗಮನ.

ಕುಕ್ಕರಹಳ್ಳಿ ಏರಿ:

ಅದಕ್ಕೆ ಕ್ಯಾಮೆರಾ ಸಣ್ಣದಾಗುವುದಕ್ಕಿಂತ ಹಳೆಯದಾಗಬೇಕು, ಅಂದರೆ ಅವರ ಕಣ್ಣಿಗೆ. ಮೊದಲ ಎರಡು ಮೂರು ದಿನ ಕುತ್ತಿಗೆಗೆ ನೇತು ಹಾಕಿಕೊಂಡು ಸುಮ್ನೆ ಅವರ ಜೊತೆ ಕೆಲಸ ಮಾಡಿ. ಸಿಪ್ಪೆ ಹೊತ್ತು ಹಾಕಿ, ಅಚ್ಚು ತೊಳೆದು ಕೊಡಿ. ಆಮೇಲೆ ಅದು ಇದೆ ಅನ್ನುವುದೇ ಅವರಿಗೆ ಮರೆತುಹೋಗುತ್ತದೆ. ಆರ್50 ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ ಅಷ್ಟೇ, ಮದುವೆ ಮನೆಯ ಕ್ಯಾಮೆರಾದ ಹಾಗೆ ಕಾಣುವುದಿಲ್ಲ. ಶಟರ್ ಸದ್ದನ್ನೂ ನಿಲ್ಲಿಸಬಹುದು. ಆದರೆ ಅಲ್ಲಿರುವುದು ಎಲ್‌ಇಡಿ ಬಲ್ಬಾದರೆ ಸದ್ದಿಲ್ಲದ ಶಟರ್‌ನಲ್ಲಿ ಅಡ್ಡಡ್ಡ ಪಟ್ಟೆ ಬರಬಹುದು. ನಮ್ಮ ಕರೆಂಟಿಗೆ ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಪಟ್ಟೆ ಕಂಡರೆ 1/100ಕ್ಕೆ ಇಳಿಸಿ ನೋಡಿ.

ಚಳಿಯಲ್ಲಿ ಹೊರಗಿಂದ ನೇರ ಹಬೆಯೊಳಗೆ ಹೋದರೆ ಲೆನ್ಸ್ ಮಂಜಾಗುತ್ತದೆ. ಬ್ಯಾಗಿನಲ್ಲೇ ಇಟ್ಟು ಇಪ್ಪತ್ತು ನಿಮಿಷ ಒಳಗಿನ ಶಾಖಕ್ಕೆ ಬಿಡಿ. ಎಫ್ 1.4ರಲ್ಲಿ ಫೋಕಸ್ ಬಹಳ ತೆಳು, ಕಣ್ಣು ಸಿಕ್ಕರೆ ಕೈ ಸಿಗುವುದಿಲ್ಲ. ಕೈ, ಮುಖ ಎರಡೂ ಬೇಕಾದರೆ ಎಫ್ 2.8 ಇಟ್ಟು ಐಎಸ್‌ಒ, ಅಂದರೆ ಬಂದ ಬೆಳಕನ್ನು ಹಿಗ್ಗಿಸುವ ಸೆಟ್ಟಿಂಗ್, ಏರಿಸಿ. ಚಿತ್ರ ಸ್ವಲ್ಪ ಕಾಳು ಕಾಳಾದರೂ ಪರವಾಗಿಲ್ಲ. ಕ್ಯಾಮೆರಾ ತಾನೇ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಬೆಂಕಿಯ ಬಣ್ಣವನ್ನು ಆಮೇಲೆ ಸರಿ ಮಾಡಿಕೊಳ್ಳಬಹುದು. ಬಣ್ಣವನ್ನು ಆಟೋದಲ್ಲೇ ಇಟ್ಟರೆ ಒಲೆಯ ಕೆಂಪೆಲ್ಲ ತೊಳೆದುಹೋಗುತ್ತದೆ.

ಕಬ್ಬಿನಗದ್ದೆ, ಐದು ವಾರದ ನಂತರ:

ಆರ್50 ಮತ್ತು 30 ಮಿ.ಮೀ. ತಗೊಂಡೆ. 55-210 ಆಮೇಲೆ, ಹಕ್ಕಿಗಳು ಗೂಡು ಕಟ್ಟುವ ಹೊತ್ತಿಗೆ. ಮಗಳಿಗೆ ಮಾತು ಕೊಟ್ಟಿದ್ದೇನೆ.

ನಾಲ್ಕು ದಿನ ಒಂದೂ ಫೋಟೊ ತೆಗೆಯದೆ ಸಿಪ್ಪೆ ಹೊತ್ತೆ. ಐದನೇ ದಿನ, ಬೆಳಗ್ಗೆ ಐದೂವರೆ ಇರಬೇಕು, ದೊಡ್ಡಪ್ಪ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಎಫ್ 2.8, 1/100. ಬೆರಳು ನಿಂತಿದೆ, ಮುಖವೂ ಸಿಕ್ಕಿದೆ, ಹಬೆ ಹಬೆಯ ಹಾಗೇ ಇದೆ. ಕಾಳು ಇದೆ, ನನಗದು ಕಾಣಿಸುವುದೇ ಇಲ್ಲ. ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು, ಆಮೇಲೆ ‘ನಮ್ಮಪ್ಪನ ಕೈ ಹೀಗೇ ಇತ್ತು’ ಅಂದರು.

ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಮನೆ ನಡುಮನೆಯಲ್ಲಿ ಇಡಬೇಕು. 18 ಇಂಚಿಗೆ 12 ಇಂಚು ಅಂದುಕೊಂಡಿದ್ದೇನೆ. ಹೊಳೆಯುವ ಕಾಗದ ಬೇಡ, ಮ್ಯಾಟ್ ಬೇಕು. ಮೈಸೂರಿನಲ್ಲಿ ಕಪ್ಪು ಭಾಗಗಳನ್ನು ಕೆಡಿಸದೆ ಪ್ರಿಂಟ್ ಹಾಕುವವರು ಗೊತ್ತಿದ್ದರೆ ಹೇಳಿ.